ಧ್ವನಿವರ್ಧಕಗಳ ಜೀರ್ಣೋದ್ಧಾರ

ಕೊಪ್ಪವೆಂದೊಡನೆ ಮಲೆನಾಡಿನ ಕೊಪ್ಪವನ್ನು ನೆನೆಯುವವರೇ ಹೆಚ್ಚಾಗಿರುವುದರಿಂದ, ನಾನು ಹೇಳಹೊರಟಿರುವುದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಪ್ಪದ ಮಾತೆಂದು ಮೊದಲೇ ತಿಳಿಸಿಬಿಡುವುದು ಲೇಸು. ಕಬ್ಬಿನ ಗದ್ದೆಗಳ ನಡುವಣ ಈ ಹೋಬಳಿಯ ಊರಿನಲ್ಲಿಯೂ, ಸುತ್ತಣ ಮದ್ದೂರು ಮಳವಳ್ಳಿ ಸೀಮೆಯ ಗ್ರಾಮಗಳಲ್ಲಿಯೂ, ತೊಟ್ಟಿಮನೆಗಳ ಅಟ್ಟದ ಮೇಲೆ, ಭಜನೆಮನೆಯ ಮೂಲೆಯಲ್ಲಿ, ಪಂಚಾಯತಿ ಕಚೇರಿಯ ಹಳೆಯ ಬೀರುವಿನ ತಲೆಯ ಮೇಲೆ, ಒಂದು ಕಾಲಕ್ಕೆ ಊರನ್ನೆಲ್ಲ ಕರೆದು ಕೂರಿಸಿದ ಧ್ವನಿವರ್ಧಕಗಳು ಇಂದಿಗೂ ಧೂಳು ಹಿಡಿದು ಬಿದ್ದಿರುವುದುಂಟು. ಅವುಗಳನ್ನು ಕೆಳಗಿಳಿಸಿ, ಪರೀಕ್ಷಿಸಿ, ಮನೆಯಲ್ಲಿಯೇ ಸರಿಪಡಿಸಿ, ತಕ್ಕ ಪೆಟ್ಟಿಗೆಯನ್ನು ಕಟ್ಟಿಕೊಂಡು ಸಂಗೀತವನ್ನು ಕೇಳಲಪೇಕ್ಷಿಸುವ ಗೃಹಸ್ಥರಿಗೆ ಈ ಕೆಳಗಿನ ಮಾತುಗಳು ಉಪಯೋಗಕ್ಕೆ ಬಂದಾವು.

ಇವು ಇಲ್ಲಿಗೆ ಬಂದ ದಾರಿಗಳು ಹಲವು. ಅನುಕೂಲಸ್ಥ ರೈತರ ಮನೆಯ ವಾಲ್ವ್ ರೇಡಿಯೋಗಳ ಒಡಲಿನಲ್ಲಿ ಬಂದವು ಕೆಲವು. ಗ್ರಾಮಸ್ಥರೆಲ್ಲರೂ ಕಟ್ಟೆಯ ಮೇಲೆ ಕುಳಿತು ವಾರ್ತೆಯನ್ನೂ ಬೇಸಾಯದ ಕಾರ್ಯಕ್ರಮಗಳನ್ನೂ ಕೇಳಲೆಂದು ಪಂಚಾಯತಿಗೆ ದೊರೆತ ಸಮುದಾಯ ರೇಡಿಯೋಗಳೊಡನೆ ಬಂದವು ಕೆಲವು. ಜಾತ್ರೆಗೂ ಮದುವೆಗೂ ಬೆಳಗಿನವರೆಗೆ ನಡೆಯುವ ಕುರುಕ್ಷೇತ್ರ ನಾಟಕಕ್ಕೂ ಬಾಡಿಗೆಗೆ ಹೋಗಿ ಬರುತ್ತಿದ್ದ ಮೈಕ್ ಸೆಟ್ ಅಂಗಡಿಗಳಲ್ಲಿ ಉಳಿದವು ಇನ್ನು ಕೆಲವು. ಟೂರಿಂಗ್ ಟಾಕೀಸುಗಳು ಡೇರೆ ಕಿತ್ತಾಗ ಪರದೆಯ ಹಿಂದಿನಿಂದ ಇಳಿದು ಯಾರ ಮನೆಯನ್ನೋ ಸೇರಿದವು ಮತ್ತೆ ಕೆಲವು. ಗುಜರಿಯವರು ಇವನ್ನು ಕಬ್ಬಿಣದ ತೂಕಕ್ಕೆ ಕೊಂಡು, ಮ್ಯಾಗ್ನೆಟ್ಟನ್ನು ಒಡೆದು, ತಾಮ್ರವನ್ನು ಬೇರ್ಪಡಿಸಿ ಮಾರುವುದರಿಂದ, ಆಸಕ್ತರಾದವರು ಅದಕ್ಕೆ ಮೊದಲೇ ಗುಜರಿ ಅಂಗಡಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು. ಇಲ್ಲಿ ದೊರೆಯದುದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯುಂಟು. ಆದರೆ ವಾಲ್ವ್ ರೇಡಿಯೋ ಒಂದು ಅಖಂಡವಾಗಿದ್ದು ಇನ್ನೂ ನುಡಿಯುವ ಸ್ಥಿತಿಯಲ್ಲಿದ್ದರೆ, ಅದರ ಹೊಟ್ಟೆ ಬಗೆದು ಸ್ಪೀಕರನ್ನು ಮಾತ್ರ ಕಿತ್ತುಕೊಳ್ಳುವುದು ನನ್ನ ಮಟ್ಟಿಗೆ ಸಲ್ಲದ ಕೆಲಸ. ಅಂಥದನ್ನು ಇದ್ದಂತೆಯೇ ಉಳಿಸಿ, ಅನಾಥವಾಗಿ ಬಿದ್ದ ಡ್ರೈವರುಗಳನ್ನು, ಎಂದರೆ ಪೆಟ್ಟಿಗೆಯಿಲ್ಲದ ಬರಿಯ ಸ್ಪೀಕರುಗಳನ್ನು, ಮಾತ್ರ ಆರಿಸಿಕೊಳ್ಳತಕ್ಕದ್ದು.

ಈ ಹಳೆಯ ಡ್ರೈವರುಗಳ ಸ್ವಭಾವವನ್ನು ತಿಳಿಯಬೇಕಾದರೆ ಅವು ಯಾವ ಕಾಲಕ್ಕಾಗಿ ಹುಟ್ಟಿದವೆಂಬುದನ್ನು ಸ್ವಲ್ಪ ನೆನೆಯಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದೇ ವಿದ್ಯುತ್ತಿನಿಂದ ಬೆಳಗಿದುವು. ಆದರೆ ನದಿಯ ಮಗ್ಗುಲಲ್ಲೇ ಇದ್ದ ಹಳ್ಳಿಗಳು ಬಹುಕಾಲ ಹರಳೆಣ್ಣೆಯ ಮತ್ತು ಸೀಮೆಎಣ್ಣೆಯ ದೀಪಗಳಲ್ಲೇ ಉಳಿದುವು. ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯೆಂಬ ಹೆಸರಿನಲ್ಲಿ ಬಾನುಲಿಯ ಪ್ರಸಾರವನ್ನು ಆರಂಭಿಸಿದ ಕಾಲಕ್ಕೂ, ಅದಾದ ಬಹುವರ್ಷಗಳ ಮೇಲೂ, ವಿದ್ಯುತ್ತಿಲ್ಲದ ಗ್ರಾಮಗಳಲ್ಲಿ ರೇಡಿಯೋ ನಡೆಯಬೇಕಾಗಿದ್ದುದು ಬ್ಯಾಟರಿಯ ಬಲದಿಂದ. ಬ್ಯಾಟರಿಯ ವಾಲ್ವ್ ಸೆಟ್ಟು ಸ್ಪೀಕರಿಗೆ ಕೊಡುತ್ತಿದ್ದುದು ಒಂದು ವಾಟಿನ ಒಂದಂಶ ಮಾತ್ರ. ವಿದ್ಯುತ್ತಿರುವ ಮನೆಯ ದೊಡ್ಡ ಸೆಟ್ಟುಗಳೂ ಸಾಧಾರಣವಾಗಿ ನಾಲ್ಕೈದು ವಾಟಿನ ಮೇಲೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿಯೇ ಕಟ್ಟೆಯ ಮೇಲೆ ಕುಳಿತ ಹತ್ತಾರು ಜನಕ್ಕೆ ಕೇಳಿಸಬೇಕಾಗಿದ್ದುದರಿಂದ, ಕಂಪಿಸಿ ಧ್ವನಿಯನ್ನು ಹೊರಡಿಸುವ ಕೋನನ್ನು ತೆಳುವಾದ ಹಗುರ ಕಾಗದದಿಂದ ಮಾಡಿ, ಅದರ ಅಂಚನ್ನೂ ಅದೇ ಕಾಗದದ ನೆರಿಗೆಗಳಿಂದ ಬಿಗಿದು, ಬಲವಾದ ಚುಂಬಕವನ್ನು ಹಿಂದೆ ಕೂರಿಸಿ, ವಿದ್ಯುತ್ತಿನ ಪ್ರತಿಯೊಂದು ಕಣವನ್ನೂ ಧ್ವನಿಯಾಗಿ ಪರಿವರ್ತಿಸುವ ಪ್ರಯತ್ನವನ್ನು ಅಂದಿನ ನಿರ್ಮಾತೃಗಳು ಮಾಡಿದರು.

ಪರಿಣಾಮವನ್ನು ಅಂಕಿಗಳಲ್ಲಿ ಹೇಳುವುದಾದರೆ, ಇಂದಿನ ಸಣ್ಣ ಮೇಜಿನ ಸ್ಪೀಕರು ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸುಮಾರು 86 ಡೆಸಿಬೆಲ್ ಧ್ವನಿಯನ್ನು ಹೊರಡಿಸಿದರೆ, ಎಂಟು ಅಥವಾ ಹನ್ನೆರಡು ಇಂಚಿನ ಒಳ್ಳೆಯ ಹಳೆಯ ಡ್ರೈವರು 93ರಿಂದ 96 ಡೆಸಿಬೆಲ್‌ವರೆಗೂ ಹೋಗಬಲ್ಲದು. ಹತ್ತು ಡೆಸಿಬೆಲ್ ಹೆಚ್ಚೆಂದರೆ ಹತ್ತನೆಯ ಒಂದು ಪಾಲು ಶಕ್ತಿ ಸಾಕೆಂದರ್ಥ. ಇದಕ್ಕೆ ಪ್ರತಿಯಾಗಿ ತೆರಬೇಕಾದ ಬೆಲೆಯೂ ಇದೆ: ಈ ಕೋನುಗಳು ಮುಂದಕ್ಕೂ ಹಿಂದಕ್ಕೂ ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಚಲಿಸಬಲ್ಲವಾದುದರಿಂದ, ಎದೆಗೆ ಬಡಿಯುವಂಥ ಮಂದ್ರವನ್ನು ಅವುಗಳಿಂದ ನಿರೀಕ್ಷಿಸಲಾಗದು. ಮನುಷ್ಯಕಂಠ, ವೀಣೆ, ಪಿಟೀಲು, ಹಾರ್ಮೋನಿಯಂ ಇವುಗಳ ನಡುಮಟ್ಟದ ನಾದವನ್ನು ಅವು ನುಡಿಸುವ ಸ್ಪಷ್ಟತೆಯೇ ಬೇರೆ. ಈ ಕಸುಬಿನಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ: ಮೊದಲು ಪೆಟ್ಟಿಗೆಯನ್ನು ಕಟ್ಟಿ ಆಮೇಲೆ ಅದಕ್ಕೆ ಡ್ರೈವರನ್ನು ಒಗ್ಗಿಸಹೋಗಬಾರದು, ಡ್ರೈವರು ಏನನ್ನು ಬಲ್ಲದೆಂಬುದನ್ನು ಅಳೆದು ತಿಳಿದ ಮೇಲೆ ಪೆಟ್ಟಿಗೆಯ ಯೋಚನೆಗೆ ಕೈಹಾಕಬೇಕು.

ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ದುಡಿದು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇಂದಿನವರೆಗೂ ಮೂಲತಃ ಬದಲಾಗದೆ ನಡೆದುಬಂದಿದೆ: ಚುಂಬಕದ ಕಿರಿದಾದ ಸಂದಿನಲ್ಲಿ ಕಾಯಿಲ್ ಎಂಬ ತಂತಿಯ ಸುರುಳಿ, ಅದಕ್ಕಂಟಿದ ಕೋನ್, ಕೋನಿನ ಕತ್ತನ್ನು ನಡುವಿನಲ್ಲಿ ಹಿಡಿದಿಡುವ ಸ್ಪೈಡರ್. ಬದಲಾದುದು ಹೆಚ್ಚಾಗಿ ಚುಂಬಕ. ತೀರ ಹಳೆಯವುಗಳಲ್ಲಿ ಕಾಯಂ ಚುಂಬಕವೇ ಇರುವುದಿಲ್ಲ. ಅದರ ಸ್ಥಾನದಲ್ಲಿ ಸಾವಿರಾರು ಸುತ್ತಿನ ಫೀಲ್ಡ್ ಕಾಯಿಲ್ ಇದ್ದು, ರೇಡಿಯೋದ ಒಳಗಿನ ನೂರಾರು ವೋಲ್ಟಿನ ವಿದ್ಯುತ್ತು ಅದರ ಮೂಲಕ ಹರಿದಾಗ ಮಾತ್ರ ಚುಂಬಕತ್ವ ಹುಟ್ಟುತ್ತದೆ. ಎರಡಕ್ಕೆ ಬದಲಾಗಿ ನಾಲ್ಕು ತಂತಿಗಳು ಹೊರಟಿದ್ದು, ಅವುಗಳಲ್ಲೊಂದು ಜೊತೆ ಸಾವಿರ ಓಮಿನ ಆಸುಪಾಸಿನ ರೋಧವನ್ನು ತೋರಿಸಿದರೆ ಅದು ಫೀಲ್ಡ್ ಕಾಯಿಲ್ ಎಂದು ತಿಳಿದು, ಹೊಸಬರು ಅದನ್ನು ಬದಿಗಿಡುವುದೇ ಸರಿ. ಆಮೇಲಿನ ಕಾಲದವು ಆಲ್ನಿಕೊ ಚುಂಬಕದವು. ಹಿಂದೆ ಸಣ್ಣ ಲೋಟದಾಕಾರದ ಮುಚ್ಚಳವೋ ಕಬ್ಬಿಣದ ಚೌಕಟ್ಟೋ ಕಾಣುತ್ತದೆ. 1978ರಲ್ಲಿ ಆಫ್ರಿಕದ ಜೈರ್ ದೇಶದ ಗಲಭೆಗಳಿಂದ, ಆಲ್ನಿಕೊವಿನಲ್ಲಿ ಬೆರೆಯುವ ಕೋಬಾಲ್ಟಿನ ಬೆಲೆ ಗಗನಕ್ಕೇರಿದ ಮೇಲೆ ಆಲ್ನಿಕೊ ಬಹುಮಟ್ಟಿಗೆ ಹಿಂದೆ ಸರಿದು, ಕಪ್ಪು ಬಳೆಯಾಕಾರದ ಫೆರೈಟ್ ಎಲ್ಲೆಡೆಯೂ ನೆಲೆಸಿತು. ಆಲ್ನಿಕೊ ಡ್ರೈವರಿನ ಚುಂಬಕಭಾಗವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಬಿಚ್ಚಿ ಮರಳಿ ಜೋಡಿಸಿದೊಡನೆ ಅದರ ಬಲದ ಗಣನೀಯ ಪಾಲು ನಷ್ಟವಾಗಿರುತ್ತದೆ, ಮತ್ತೆ ಚುಂಬಕತ್ವವನ್ನು ತುಂಬುವ ಯಂತ್ರ ಮನೆಯಲ್ಲಿರುವುದಿಲ್ಲ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಮಲ್ಟಿಮೀಟರಿನಿಂದ ಎರಡು ತುದಿಗಳ ನಡುವಣ ರೋಧವನ್ನು ಅಳೆದರೆ, ಎಂಟು ಓಮಿನದೆಂದು ಹೇಳುವ ಡ್ರೈವರು ಆರು ಆರೂವರೆಯನ್ನೂ, ನಾಲ್ಕು ಓಮಿನದು ಮೂರೂಕಾಲರ ಸುತ್ತಮುತ್ತಲನ್ನೂ, ಹದಿನೈದು ಹದಿನಾರರದು ಹನ್ನೊಂದು ಹನ್ನೆರಡನ್ನೂ ತೋರಿಸಬೇಕು. ಏನನ್ನೂ ತೋರಿಸದಿದ್ದರೆ ಕೂಡಲೇ ಕಾಯಿಲ್ ಸುಟ್ಟಿದೆಯೆಂದು ತೀರ್ಮಾನಿಸಬೇಡಿರಿ. ಚೌಕಟ್ಟಿನಿಂದ ಕೋನಿಗೆ ಹೋಗುವ ಹೆಣೆದ ತಂತಿ ವರ್ಷಗಳ ಕಂಪನದಿಂದ ನೂಲಿನ ಹೊದಿಕೆಯ ಒಳಗೇ ತುಂಡಾಗಿರುವುದು ಹೆಚ್ಚು ಸಾಮಾನ್ಯ, ಅದನ್ನು ಬದಲಾಯಿಸಲು ಸಾಲ್ಡರಿಂಗ್ ಕಬ್ಬಿಣವೊಂದು ಸಾಕು. ಬಳಿಕ ಒಂದೂವರೆ ವೋಲ್ಟಿನ ಟಾರ್ಚಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಟಕ್ಕೆಂಬ ಸದ್ದಿನೊಡನೆ ಕೋನ್ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಮುಂದಕ್ಕೆ ಬಂದಾಗ ಸೆಲ್ಲಿನ ಧನಾಗ್ರ ತಾಗಿದ್ದ ತುದಿಗೆ ಕೆಂಪು ಬಣ್ಣದ ಚುಕ್ಕೆಯೊಂದನ್ನು ಇಟ್ಟುಬಿಡಿ, ಮುಂದೆ ಎರಡು ಸ್ಪೀಕರುಗಳನ್ನು ಜೊತೆಗೂಡಿಸುವಾಗ ಅದು ಬೇಕಾಗುತ್ತದೆ. ಕೊನೆಯದಾಗಿ ಕೋನಿನ ಎರಡು ಪಕ್ಕಗಳಲ್ಲಿ ಬೆರಳುಗಳನ್ನಿಟ್ಟು ಸಮನಾಗಿ, ಬಹು ಮೆತ್ತಗೆ ಒತ್ತಿ ಕಿವಿಗೊಡಬೇಕು. ಏನೊಂದೂ ಕೇಳಿಸದಿದ್ದರೆ ಶುಭ; ಸರಪರವೆಂಬ ಉಜ್ಜಾಟ ಕೇಳಿಸಿದರೆ ಕಾಯಿಲ್ ಸಂದಿನ ಗೋಡೆಯನ್ನು ತಾಗುತ್ತಿದೆ, ಅಥವಾ ಸಂದಿನೊಳಗೆ ಕಸ ಸೇರಿದೆ.

ನಮ್ಮ ಸೀಮೆಯಲ್ಲಿ ಕಸಕ್ಕೆ ಬರವಿಲ್ಲ. ಆಲೆಮನೆಯ ಹೊಗೆಯ ಮಸಿ, ಒಣಗಿದ ಕಬ್ಬಿನ ಗರಿಯ ಪುಡಿ, ಬೇಸಗೆಯ ಕೆಮ್ಮಣ್ಣಿನ ಧೂಳು ಇವೆಲ್ಲವೂ ಅಟ್ಟದ ಮೇಲೆ ಪದರ ಪದರವಾಗಿ ಕೂರುತ್ತವೆ. ಇವಲ್ಲದೆ ಮಣ್ಣಿನ ಗೂಡು ಕಟ್ಟುವ ಕಣಜಗಳೂ ಗೆದ್ದಲೂ ಇಲಿಗಳೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಮಾಡಿರುತ್ತವೆ. ಮೊದಲು ಬಣ್ಣ ಬಳಿಯುವ ಮೆತ್ತನೆಯ ಕುಂಚದಿಂದ ಕೋನಿನ ನಡುವಿನಿಂದ ಅಂಚಿನ ಕಡೆಗೆ ಗುಡಿಸಿ, ಡ್ರೈವರನ್ನು ಮುಖ ಕೆಳಗಾಗಿ ಹಿಡಿದು ಹಿಂಭಾಗವನ್ನೂ ಹಾಗೆಯೇ ಶುದ್ಧಮಾಡಬೇಕು. ನೀರು ಸಲ್ಲದು. ಸಂದಿನೊಳಗೆ ಕಸವಿದ್ದಲ್ಲಿ ಕೋನಿನ ನಡುವಣ ಧೂಳುಮುಚ್ಚಳವನ್ನು ತೆಗೆಯಬೇಕಾಗುತ್ತದೆ: ಅದರ ಅಂಚಿನ ಸುತ್ತ ಕುಂಚದ ತುದಿಯಿಂದ ಥಿನ್ನರನ್ನು ಸವರಿ, ಹಳೆಯ ಅಂಟು ಮೆತ್ತಗಾಗುವವರೆಗೆ ಕಾದು, ತೆಳುವಾದ ಬ್ಲೇಡಿನಿಂದ ಎಬ್ಬಿಸಿದರೆ ಅದು ಹಾಳಾಗದೆ ಬರುತ್ತದೆ, ಮತ್ತೆ ಅದನ್ನೇ ಅಂಟಿಸಬಹುದು. ಆಮೇಲೆ ಅಂಟುಪಟ್ಟಿಯನ್ನು ಮಡಿಸಿ ಅಂಟು ಹೊರಮೈಗೆ ಬರುವಂತೆ ಮಾಡಿ ಸಂದಿನೊಳಕ್ಕೆ ಇಳಿಸಿ ಸುತ್ತಲೂ ಆಡಿಸಿದರೆ ಕಬ್ಬಿಣದ ಪುಡಿಯೂ ಧೂಳೂ ಅದಕ್ಕೆ ಹತ್ತಿ ಹೊರಬರುತ್ತವೆ. ಪಟ್ಟಿ ಶುಚಿಯಾಗಿ ಬರುವವರೆಗೂ ಈ ಕೆಲಸವನ್ನು ನಡೆಸಬೇಕು. ಥಿನ್ನರಿನ ಹತ್ತಿರ ಒಲೆಯೂ ಬೀಡಿಯೂ ಇರಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹರಿದ ಕೋನನ್ನು ಕಂಡು ಎದೆಗುಂದುವುದು ಬೇಡ. ಚಹದ ಪುಡಿಯ ಪೊಟ್ಟಣಕ್ಕೆ ಬಳಸುವಂಥ ನಾರುಗಾಗದವನ್ನೋ ತೆಳುವಾದ ಟಿಶ್ಯೂ ಕಾಗದವನ್ನೋ ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದು, ಅಂಚು ಎಳೆಯೆಳೆಯಾಗಿರುವಂತೆ ಮಾಡಿ, ಸಮಪಾಲು ನೀರು ಬೆರೆಸಿದ ಫೆವಿಕಾಲಿನಲ್ಲಿ ತೋಯಿಸಿ, ಹಿಂದಿನಿಂದ ಒಂದು ತೇಪೆಯನ್ನೂ ಅದು ಒಣಗಿದ ಮೇಲೆ ಬೇಕಾದರೆ ಮುಂದಿನಿಂದ ಇನ್ನೊಂದನ್ನೂ ಕೂರಿಸಬೇಕು. ಅಂಟು ಎಷ್ಟು ಕಡಿಮೆಯಾದರೆ ಅಷ್ಟು ಉತ್ತಮ. ಮೃದಂಗದ ಎಡಮುಚ್ಚಿಗೆಗೆ ರವೆಯ ಕಣಕವನ್ನು ಮೆತ್ತಿದೊಡನೆ ಅದರ ನಾದ ಕೆಳಕ್ಕಿಳಿಯುವಂತೆ, ಕೋನಿಗೆ ಮೆತ್ತಿದ ಪ್ರತಿಯೊಂದು ಗ್ರಾಮೂ ಅದರ ಸ್ವಭಾವವನ್ನು ಬದಲಾಯಿಸುತ್ತದೆ. ಮೃದಂಗದಲ್ಲಿ ಅದು ಬೇಕೆಂದೇ ಮಾಡುವ ಕೆಲಸ, ಇಲ್ಲಿ ಮೇಲುಸ್ವರಗಳ ಕಾಂತಿಯೇ ಮಾಯವಾದೀತು. ಗಟ್ಟಿಯಾಗಿ ಒಣಗುವ ಎಪಾಕ್ಸಿಯನ್ನು ಕೋನಿನ ಮೇಲೆ ಎಂದಿಗೂ ಬಳಸತಕ್ಕದ್ದಲ್ಲ. ಅಂಚಿನ ನೆರಿಗೆಗಳಲ್ಲಿ ಬಿರುಕಿದ್ದರೆ ಫೆವಿಕಾಲಿಗೆ ಬದಲಾಗಿ, ಒಣಗಿದ ಮೇಲೂ ಬಾಗುವ ರಬ್ಬರಿನ ಅಂಟನ್ನು ಎಳೆಯಷ್ಟು ಸವರಬೇಕು.

ಕಾಗದದ ಅಂಚಿನವುಗಳ ದೊಡ್ಡ ಸೌಭಾಗ್ಯವೆಂದರೆ ಅವು ಐವತ್ತು ಅರವತ್ತು ವರ್ಷಗಳಾದರೂ ಇರುತ್ತವೆ. ಇದಕ್ಕೆ ಪ್ರತಿಯಾಗಿ 1970ರ ತರುವಾಯ ಬಳಕೆಗೆ ಬಂದ ಫೋಮಿನ ಅಂಚುಗಳು ನಮ್ಮ ಹವೆಯ ತೇವದಲ್ಲಿ ಹತ್ತು ಹದಿನೈದು ವರ್ಷಗಳೊಳಗೆ ಜಿಗುಟಾಗಿ, ಆಮೇಲೆ ಮುಟ್ಟಿದರೆ ಉದುರುವ ಪುಡಿಯಾಗಿಬಿಡುತ್ತವೆ. ಇವಕ್ಕೆ ಹೊಸ ಅಂಚಿನ ಬಳೆಗಳು ಅಳತೆವಾರಾಗಿ ದೊರೆಯುತ್ತವೆ. ಫೋಮಿಗಿಂತ ರಬ್ಬರೇ ಬಾಳಿಕೆಯದಾದರೂ ಅದು ಭಾರವಾದ್ದರಿಂದ ಹಗುರ ಕೋನಿಗೆ ಒಪ್ಪುವುದಿಲ್ಲ. ಹಳೆಯ ಅಂಟನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿಯಾಗಿ ಒರಸಿ ತೆಗೆದು, ಮೊದಲು ಹೊಸ ಬಳೆಯನ್ನು ಕೋನಿಗೆ ಮಾತ್ರ ಅಂಟಿಸಿ ಒಂದು ದಿನ ಬಿಡಬೇಕು. ಚೌಕಟ್ಟಿಗೆ ಅಂಟಿಸುವ ಮೊದಲು ಕಾಯಿಲ್ ಮತ್ತು ಚುಂಬಕದ ನಡುಗಂಬದ ಮಧ್ಯೆ ಹಳೆಯ ಛಾಯಾಚಿತ್ರದ ಫಿಲ್ಮಿನ ನಾಲ್ಕು ಪಟ್ಟಿಗಳನ್ನು ನಾಲ್ಕು ದಿಕ್ಕಿಗೆ ಇಳಿಸಿ, ಕಾಯಿಲ್ ಎಲ್ಲಿಯೂ ತಾಗದಂತೆ ನಡುವಿಗೆ ತಂದು, ಆಮೇಲೆ ಅಂಟಿಸಿ ಒಣಗಿದ ಬಳಿಕ ಪಟ್ಟಿಗಳನ್ನು ಎಳೆದುಕೊಳ್ಳಬೇಕು. ಜೋತುಬಿದ್ದ ಸ್ಪೈಡರಿನಿಂದ ಉಜ್ಜಾಟ ಹುಟ್ಟಿದ್ದರೂ ಇದೇ ಉಪಾಯ. ಬರಿದೆ ಜೋತಿದ್ದಲ್ಲಿ ಡ್ರೈವರನ್ನು ತಲೆಕೆಳಗಾಗಿ, ಎಂದರೆ ಮೊದಲು ಮೇಲಿದ್ದ ಅಂಚು ಕೆಳಗಾಗುವಂತೆ ತಿರುಗಿಸಿ ಕೂರಿಸಿದರೇ ಎಷ್ಟೋ ಸಲ ಸಾಕಾಗುತ್ತದೆ.

ಕಾಯಿಲ್ ನಿಜವಾಗಿಯೇ ಸುಟ್ಟಿದ್ದರೆ? ಪಂಪ್‌ಸೆಟ್ಟಿನ ಮೋಟಾರುಗಳಿಗೆ ಕಾಯಿಲ್ ಕಟ್ಟುವವರು ಈ ಸೀಮೆಯಲ್ಲಿ ಹೆಜ್ಜೆಹೆಜ್ಜೆಗೂ ಇದ್ದಾರೆ, ಅವರಲ್ಲಿ ಕೆಲವರು ಮೈಕ್ ಸೆಟ್ಟಿನವರ ಸ್ಪೀಕರುಗಳನ್ನೂ ಕಟ್ಟಿಕೊಡುತ್ತಾರೆ. ಆದರೆ ಕೋನ್, ಸ್ಪೈಡರ್, ಕಾಯಿಲ್ ಮೂರನ್ನೂ ಪೇಟೆಯ ಸಿದ್ಧವಸ್ತುಗಳಿಂದ ಬದಲಾಯಿಸಿದ ಡ್ರೈವರಿನಲ್ಲಿ ಉಳಿದಿರುವುದು ಹಳೆಯ ಚುಂಬಕವೂ ಚೌಕಟ್ಟೂ ಮಾತ್ರ. ಅದು ನುಡಿಯುತ್ತದೆ, ಹಿಂದಿನಂತೆ ನುಡಿಯುವುದಿಲ್ಲ. ಸಾಧ್ಯವಿದ್ದಲ್ಲಿ ಮೂಲ ಕೋನನ್ನು ಉಳಿಸಿ, ಹಳೆಯ ಕಾಯಿಲಿನ ತಂತಿಯ ಗೇಜನ್ನೂ ಸುತ್ತುಗಳನ್ನೂ ಎಣಿಸಿ ಅಷ್ಟನ್ನೇ ಸುತ್ತಿಸುವುದು ಲೇಸು.

ಇನ್ನು ಅಳತೆಯ ವಿಷಯ. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಎಂಬುವರೂ, ಅವರ ಹಾದಿಯಲ್ಲಿ ಮುಂದುವರಿದ ರಿಚರ್ಡ್ ಸ್ಮಾಲ್ ಎಂಬುವರೂ ಡ್ರೈವರಿನ ಸ್ವಭಾವವನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಡುವ ಮಾರ್ಗವನ್ನು ತೋರಿಸಿದ ಮೇಲೆ ಪೆಟ್ಟಿಗೆ ಕಟ್ಟುವುದು ಊಹೆಯ ಕೆಲಸವಾಗಿ ಉಳಿಯಲಿಲ್ಲ. ನಮಗೆ ಬೇಕಾದುವು ಮೂರು: ಡ್ರೈವರು ತಾನಾಗಿ ಅನುರಣಿಸುವ ಆವೃತ್ತಿ, ಆ ಅನುರಣನದ ತೀಕ್ಷ್ಣತೆಯನ್ನು ಹೇಳುವ ಕ್ಯೂ ಎಂಬ ಸಂಖ್ಯೆ, ಮತ್ತು ಕೋನನ್ನು ಹಿಡಿದಿಡುವ ಅಂಚು ಸ್ಪೈಡರುಗಳಷ್ಟೇ ಮೆತ್ತಗಿರುವ ಗಾಳಿಯ ಪರಿಮಾಣ. ಆಂಪ್ಲಿಫೈಯರಿನ ತುದಿಗೆ 1000 ಓಮಿನ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ, ಅದರ ಮುಂದೆ ಡ್ರೈವರನ್ನು ಜೋಡಿಸಿ ಗಾಳಿಯಲ್ಲಿ ತೂಗಹಾಕಿ, ಮೊಬೈಲಿನ ಸ್ವರಜನಕ ಆ್ಯಪ್‌ನಿಂದ ಶುದ್ಧಸ್ವರವನ್ನು ಕೊಡುತ್ತ, ಡ್ರೈವರಿನ ತುದಿಗಳ ವೋಲ್ಟೇಜನ್ನು ಮೀಟರಿನಲ್ಲಿ ನೋಡಬೇಕು. ಡ್ರೈವರಿನ ಸ್ಥಾನದಲ್ಲಿ ಮೊದಲು 10 ಓಮಿನ ರೆಸಿಸ್ಟರನ್ನಿಟ್ಟು ಬಂದ ವೋಲ್ಟೇಜನ್ನು ಗುರುತುಮಾಡಿಕೊಂಡಿದ್ದರೆ, ಆಮೇಲಿನ ಪ್ರತಿಯೊಂದು ವೋಲ್ಟೇಜನ್ನೂ ಓಮಿಗೆ ತಿರುಗಿಸಬಹುದು. ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಹೋದಂತೆ ವೋಲ್ಟೇಜು ಒಂದೆಡೆ ಶಿಖರಕ್ಕೇರಿ ಇಳಿಯುತ್ತದೆ. ಆ ಶಿಖರವೇ ಅನುರಣನ.

ಉದಾಹರಣೆಯೊಂದನ್ನು ನಡೆಸಿ ನೋಡೋಣ. ಕಾಯಿಲಿನ ರೋಧ 6.4 ಓಮ್, ಶಿಖರ 60 ಹರ್ಟ್ಸಿನಲ್ಲಿ, ಅಲ್ಲಿ 40 ಓಮ್ ಎಂದಿಟ್ಟುಕೊಂಡರೆ, ನಲವತ್ತನ್ನು 6.4ರಿಂದ ಭಾಗಿಸಿ 6.25, ಅದರ ವರ್ಗಮೂಲ 2.5. ಕಾಯಿಲಿನ ರೋಧವನ್ನು ಈ 2.5ರಿಂದ ಗುಣಿಸಿ ಬಂದ 16 ಓಮ್ ಶಿಖರದ ಎರಡು ಪಕ್ಕಗಳಲ್ಲಿ ಎಲ್ಲೆಲ್ಲಿ ಸಿಗುತ್ತದೆಯೆಂದು ಹುಡುಕಬೇಕು. 42 ಮತ್ತು 86 ಹರ್ಟ್ಸಿನಲ್ಲಿ ಸಿಕ್ಕಿತೆನ್ನೋಣ. ಅರವತ್ತನ್ನು 2.5ರಿಂದ ಗುಣಿಸಿ, ಎರಡರ ಅಂತರವಾದ 44ರಿಂದ ಭಾಗಿಸಿದರೆ 3.41, ಅದನ್ನು 6.25ರಿಂದ ಭಾಗಿಸಿದರೆ 0.55ರಷ್ಟು, ಇದೇ ಒಟ್ಟು ಕ್ಯೂ. ಈಗ ಡ್ರೈವರನ್ನು ಪರಿಮಾಣ ಗೊತ್ತಿರುವ, ಗಾಳಿ ಸೋರದ ಪೆಟ್ಟಿಗೆಯ ಬಾಯಿಗೆ ಬಿಗಿದು ಮತ್ತೆ ಶಿಖರವನ್ನು ಹುಡುಕಿದರೆ ಅದು ಮೇಲಕ್ಕೆ ಸರಿದಿರುತ್ತದೆ. ಮೂವತ್ತು ಲೀಟರಿನ ಪೆಟ್ಟಿಗೆಯಲ್ಲಿ 90 ಹರ್ಟ್ಸಿಗೆ ಸರಿಯಿತೆಂದಾದರೆ, ತೊಂಬತ್ತನ್ನು ಅರವತ್ತರಿಂದ ಭಾಗಿಸಿ, ವರ್ಗಮಾಡಿ, ಒಂದನ್ನು ಕಳೆದು, ಮೂವತ್ತರಿಂದ ಗುಣಿಸಿದಾಗ 37.5 ಲೀಟರು ಬರುತ್ತದೆ, ಇದೇ ಮೇಲೆ ಹೇಳಿದ ಗಾಳಿಯ ಪರಿಮಾಣ. ಮುಚ್ಚಿದ ಪೆಟ್ಟಿಗೆಗೆ ಕ್ಯೂ 0.7 ಇದ್ದರೆ ಮಂದ್ರವು ಉಬ್ಬದೆ ಕೊರಗದೆ ನಡೆಯುತ್ತದೆಂಬುದು ನಿಯಮವಾದುದರಿಂದ, ಈ ಡ್ರೈವರು ಸುಮಾರು 55 ಲೀಟರಿನ ಪೆಟ್ಟಿಗೆಯನ್ನು ಕೇಳುತ್ತದೆ. ಒಳ ಅಳತೆ 30, 36, 51 ಸೆಂಟಿಮೀಟರಾದರೆ ಲೆಕ್ಕ ಸರಿಹೋಗುತ್ತದೆ. ಗಣಿತವನ್ನು ಕಂಡರೆ ಬೇಸರಪಡುವವರು ಇಷ್ಟನ್ನಾದರೂ ಮಾಡಲೇಬೇಕು, ಏಕೆಂದರೆ ಇದೊಂದು ಸಂಜೆಯ ಕೆಲಸ. ತಪ್ಪಾದ ಪೆಟ್ಟಿಗೆಯನ್ನು ಕಟ್ಟಿ ಒಡೆಯುವುದು ತಿಂಗಳಿನ ಕೆಲಸ.

ಕ್ಯೂ 0.4ಕ್ಕಿಂತ ಕೆಳಗಿದ್ದರೆ ಗಾಳಿಗೊಳವೆಯುಳ್ಳ ಪೆಟ್ಟಿಗೆಯನ್ನು ಯೋಚಿಸಬಹುದು. ರೇಡಿಯೋಗಳಿಂದ ಬಂದ ಡ್ರೈವರುಗಳಲ್ಲಿ ಅಂಥವು ಅಪರೂಪ. ಬಹುತೇಕ ಇವುಗಳ ಕ್ಯೂ 0.7ನ್ನು ದಾಟಿ ಒಂದರ ಸಮೀಪಕ್ಕೂ ಹೋಗಿರುತ್ತದೆ, ಏಕೆಂದರೆ ಇವನ್ನು ಹಿಂಬದಿ ತೆರೆದ ರೇಡಿಯೋ ಪೆಟ್ಟಿಗೆಗೆಂದೇ ಮಾಡಿದ್ದರು. ಇಂಥವನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿದರೆ ಗೊಗ್ಗರುದನಿ ಹುಟ್ಟುತ್ತದೆ. ಇವಕ್ಕೆ ತಕ್ಕುದು ತೆರೆದ ಹಲಗೆ, ಎಂದರೆ ಪೆಟ್ಟಿಗೆಯೇ ಇಲ್ಲದ ಒಂದು ಅಗಲವಾದ ಫಲಕ. ಕೋನಿನ ಮುಂದಣ ಅಲೆಯೂ ಹಿಂದಣ ಅಲೆಯೂ ಅಂಚನ್ನು ಸುತ್ತಿ ಬಂದು ಪರಸ್ಪರ ಅಳಿಸಿಹಾಕುವುದನ್ನು ತಡೆಯುವುದಷ್ಟೇ ಈ ಫಲಕದ ಕಾರ್ಯ. ಒಂದು ಮೀಟರ್ ಅಗಲದ ಫಲಕದಲ್ಲಿ ಸುಮಾರು 170 ಹರ್ಟ್ಸಿನಿಂದ ಕೆಳಗೆ ಧ್ವನಿ ಮೆಲ್ಲಮೆಲ್ಲನೆ ಕ್ಷೀಣಿಸತೊಡಗುತ್ತದಾದರೂ, ಕ್ಯೂ ಹೆಚ್ಚಿರುವ ಡ್ರೈವರಿನ ಅನುರಣನವು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಕೆಡವಿದ ತೊಟ್ಟಿಮನೆಯ ಬಾಗಿಲಿನ ಹಲಗೆಗಳು ಇದಕ್ಕೆ ಅತ್ಯುತ್ತಮ. ದಶಕಗಳ ಬಿಸಿಲು ಮಳೆಗೆ ಹದಗೊಂಡ ತೇಗವೋ ಹೊನ್ನೆಯೋ ಮತ್ತೆ ಬಿರಿಯುವ ಭಯವಿಲ್ಲ. ಎರಡು ಹಲಗೆಗಳನ್ನು ಜೋಡಿಸಿ, ಡ್ರೈವರನ್ನು ನಟ್ಟನಡುವೆ ಕೂರಿಸದೆ ಒಂದು ಪಕ್ಕಕ್ಕೆ ಸರಿಸಿ, ಅದರಿಂದ ನಾಲ್ಕು ಅಂಚುಗಳ ದೂರಗಳು ಬೇರೆಬೇರೆಯಾಗುವಂತೆ ರಂಧ್ರವನ್ನು ಕೊರೆಯಬೇಕು. ಅಗಲ ಸಾಲದಿದ್ದರೆ ಪಕ್ಕಗಳಿಗೆ ಹಿಂದಕ್ಕೆ ಮಡಿದ ರೆಕ್ಕೆಗಳನ್ನು ಸೇರಿಸಬಹುದು. ಗೋಡೆಯಿಂದ ಮೂರಡಿಯಾದರೂ ಮುಂದೆ ನಿಲ್ಲಿಸಬೇಕು. ತೆರೆದ ಹಲಗೆಯಲ್ಲಿ ಹಳೆಯ ಎಂಟಿಂಚಿನ ಡ್ರೈವರೊಂದು ಬಾಯಿಹಾಡಿಕೆಯನ್ನು ನುಡಿಸುವಾಗ ಧ್ವನಿಯು ಹಲಗೆಯನ್ನು ಬಿಟ್ಟು ಕೋಣೆಯಲ್ಲಿ ನಿಂತಂತೆ ತೋರುತ್ತದೆ. ಖರ್ಚಿಗೂ ಫಲಕ್ಕೂ ಇಷ್ಟು ಒಳ್ಳೆಯ ಸಂಬಂಧವುಳ್ಳ ವಿಧಾನ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಮುಚ್ಚಿದ ಪೆಟ್ಟಿಗೆಗಾದರೋ ಗಟ್ಟಿಮರಕ್ಕಿಂತ ಹದಿನೆಂಟು ಮಿಲಿಮೀಟರಿನ ಒಳ್ಳೆಯ ಪ್ಲೈವುಡ್ಡೇ ಮೇಲು. ಗಟ್ಟಿಮರವು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಸಂದುಗಳನ್ನು ಸೋರಿಸುತ್ತದೆ, ಎಂಡಿಎಫ್ ಎಂಬ ಪುಡಿಹಲಗೆ ತೇವ ಕಂಡರೆ ಊದಿಕೊಳ್ಳುತ್ತದೆ. ಹಿಂಬದಿಯ ಹಲಗೆಗೂ ಮುಂಬದಿಯ ಹಲಗೆಗೂ ನಡುವೆ ಒಂದು ಅಡ್ಡಪಟ್ಟಿಯನ್ನು ಬಿಗಿದರೆ ಪೆಟ್ಟಿಗೆಯ ಸ್ವಂತ ಗುನುಗು ಅಡಗುತ್ತದೆ. ಒಳಗಣ ಪ್ರತಿಧ್ವನಿಯನ್ನು ನುಂಗಲು ಹಳೆಯ ಕುರಿಯುಣ್ಣೆಯ ಕಂಬಳಿಗಿಂತ ಉತ್ತಮವಾದ ವಸ್ತುವನ್ನು ಪೇಟೆಯಲ್ಲಿ ಹುಡುಕಬೇಕಾಗಿಲ್ಲ. ಬೂರುಗದ ಹತ್ತಿಯನ್ನೂ ಬಳಸಬಹುದಾದರೂ ಅದು ಕಾಯಿಲಿನ ಸಂದಿಗೆ ಸೇರದಂತೆ ತೆಳುಬಟ್ಟೆಯಲ್ಲಿ ಕಟ್ಟಬೇಕು.

ಮಡಕೆಯ ಮಾತನ್ನು ಬಿಡುವುದು ನ್ಯಾಯವಲ್ಲ. ಕ್ಷೌರದಂಗಡಿಗಳಲ್ಲಿಯೂ ಚಹದ ಹೋಟಲುಗಳಲ್ಲಿಯೂ ಟೇಪ್‌ರೆಕಾರ್ಡರಿನ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ ಮೂಲೆಯಲ್ಲಿಡುತ್ತಿದ್ದುದನ್ನು ನೋಡಿದವರು ಈಗಲೂ ಬೇಕಾದಷ್ಟು ಮಂದಿ ಇದ್ದಾರೆ. ಅದನ್ನು ಕಂಡು ನಗುವವರಿಗೆ ತಿಳಿಯದ ಸಂಗತಿಯೊಂದಿದೆ: ಅಮೆರಿಕದ ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿ ಹಲವು ಆಕಾರದ ಪೆಟ್ಟಿಗೆಗಳನ್ನು ಹೋಲಿಸಿ ನೋಡಿದಾಗ, ಚೂಪಾದ ಅಂಚುಗಳಿಲ್ಲದ ಗೋಳವೇ ಧ್ವನಿಯನ್ನು ಎಲ್ಲಕ್ಕಿಂತ ಕಡಿಮೆ ಕೆಡಿಸುವುದೆಂದು ಕಂಡುಬಂದಿತು. ಮಡಕೆಯ ಗೋಡೆ ಬಾಗಿರುವುದರಿಂದ ನಡುಗುವುದೂ ಕಡಿಮೆ. ಪರಿಮಾಣವನ್ನು ಅಳೆಯುವುದಂತೂ ಅತಿ ಸುಲಭ, ನೀರು ತುಂಬಿ ಲೀಟರಿನಲ್ಲಿ ಎಣಿಸಿದರಾಯಿತು. ಆಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಬಾಯಿಯ ಅಳತೆಗೆ ಪ್ಲೈವುಡ್ಡಿನ ಬಳೆಯೊಂದನ್ನು ಕತ್ತರಿಸಿ, ಎಂ-ಸೀಲಿನಿಂದ ಸುತ್ತಲೂ ಗಾಳಿ ಸೋರದಂತೆ ಮೆತ್ತಿ, ತಂತಿಗಾಗಿ ತಳದಲ್ಲಿ ಸಣ್ಣ ತೂತನ್ನು ಮೆಲ್ಲನೆ ಕೊರೆದು ಮುಚ್ಚಿ, ಐದಾರು ಇಂಚಿನ ಡ್ರೈವರನ್ನು ಬಳೆಗೆ ಸ್ಕ್ರೂ ಹಾಕಿ ಬಿಗಿಯಬೇಕು. ಮಡಕೆಯನ್ನು ಬಾಯಿ ಮೇಲಾಗಿಡದೆ, ಹಗ್ಗದ ಸಿಂಬಿಯ ಮೇಲೆ ಕೇಳುವವರ ಕಡೆಗೆ ವಾಲಿಸಿಟ್ಟರೆ ಮೇಲುಸ್ವರಗಳು ಮಾಳಿಗೆಗೆ ಹೋಗದೆ ಕಿವಿಗೆ ಬರುತ್ತವೆ.

ಮೇಲುಸ್ವರಗಳು ಸಾಲವೆನಿಸಿದರೆ ಟ್ವೀಟರೊಂದನ್ನು ಸೇರಿಸಬಹುದು. ಎಂಟು ಓಮಿನ ಟ್ವೀಟರಿಗೆ 3.3 ಮೈಕ್ರೊಫ್ಯಾರಡಿನ ಕೆಪಾಸಿಟರನ್ನು ಸರಣಿಯಲ್ಲಿಟ್ಟರೆ ಅದು ಸುಮಾರು 6000 ಹರ್ಟ್ಸಿನಿಂದ ಮೇಲಿನದನ್ನು ಮಾತ್ರ ಪಡೆಯುತ್ತದೆ. ಹಳೆಯ ಪೆಟ್ಟಿಗೆಯೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿಹೋಗಿರುವುದರಿಂದ ಅವನ್ನು ಬಿಸಾಡಿ ಫಿಲ್ಮ್ ಕೆಪಾಸಿಟರುಗಳನ್ನೇ ಹಾಕತಕ್ಕದ್ದು. ನಡುವೆ ಪುಟ್ಟ ಎರಡನೆಯ ಕೋನಿರುವ ಡ್ರೈವರಿಗೆ ಇದಾವುದೂ ಬೇಡ.

ಮರಕ್ಕೆ ಕಟ್ಟುತ್ತಿದ್ದ ಹಾರ್ನುಗಳ ಲೆಕ್ಕಾಚಾರವೇ ಬೇರೆ. ಅವುಗಳ ಹಿಂದಣ ಮುಚ್ಚಳದೊಳಗೆ ಲೈನ್ ಟ್ರಾನ್ಸ್‌ಫಾರ್ಮರೊಂದು ಅಡಗಿರುವುದು ಸಾಮಾನ್ಯ. 100 ವೋಲ್ಟಿನ ಲೈನಿನಲ್ಲಿ 10 ವಾಟ್ ಹಾರ್ನು 1000 ಓಮಿನಂತೆ ವರ್ತಿಸುವುದರಿಂದ, ಅದನ್ನು ಮನೆಯ ಆಂಪ್ಲಿಫೈಯರಿಗೆ ನೇರವಾಗಿ ಕೊಟ್ಟರೆ ಪಿಸುಮಾತಿನಷ್ಟೂ ಕೇಳಿಸದು, ಕೆಟ್ಟಿದೆಯೆಂದು ತಿಳಿದು ಎಸೆದವರೂ ಉಂಟು. ಟ್ರಾನ್ಸ್‌ಫಾರ್ಮರನ್ನು ಬಿಟ್ಟು ಒಳಗಿನ ಯೂನಿಟ್ಟಿಗೇ ತಂತಿಯನ್ನು ಕೊಡಬೇಕು. ಆದರೆ ಹಾರ್ನು ಮಾತಿಗಾಗಿ ಹುಟ್ಟಿದ ವಸ್ತು. 16 ಓಮಿನ ಯೂನಿಟ್ಟಿಗೆ ಧ್ರುವಭೇದವಿಲ್ಲದ 33 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಸರಣಿಯಲ್ಲಿಟ್ಟು 300 ಹರ್ಟ್ಸಿನ ಕೆಳಗಿನದನ್ನು ತಡೆಯದಿದ್ದರೆ ಅದರ ಪಟಲ ಹರಿದೀತು. ಅದನ್ನು ಅಂಗಳಕ್ಕೆ ಹಾಕುವವರು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸುವ 2000ದ ನಿಯಮಗಳನ್ನೂ, ಅದಕ್ಕಿಂತ ಮಿಗಿಲಾಗಿ ನೆರೆಮನೆಯವರನ್ನೂ ಮರೆಯಬಾರದು.

ಆಂಪ್ಲಿಫೈಯರು ಹತ್ತು ಹನ್ನೆರಡು ವಾಟಿನದಾದರೆ ಧಾರಾಳವಾಯಿತು. ಆರು ವಾಟಿಗೆಂದು ಮಾಡಿದ ಕಾಯಿಲಿಗೆ ನೂರು ವಾಟಿನ ಯಂತ್ರವನ್ನು ಜೋಡಿಸಿ ಮಂದ್ರದ ಗುಂಡಿಯನ್ನು ತಿರುಗಿಸಿದವನು ಒಂದೇ ಹಾಡಿನಲ್ಲಿ ಅರುವತ್ತು ವರ್ಷಗಳ ಬಾಳನ್ನು ಮುಗಿಸಬಲ್ಲನು. ಹಳೆಯ ವಾಲ್ವ್ ಸೆಟ್ಟಿನಿಂದಲೇ ನುಡಿಸಬಯಸುವವರಿಗೆ ಎರಡು ಎಚ್ಚರಿಕೆಗಳು ಅತ್ಯಗತ್ಯ. ಸ್ಪೀಕರಿನ ತಂತಿಯನ್ನು ಬಿಡಿಸಿ ಸೆಟ್ಟನ್ನು ಹಚ್ಚಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು: ಎಸಿ-ಡಿಸಿ ಎಂದು ಬರೆದಿರುವ ಸೆಟ್ಟುಗಳಲ್ಲಿ ಲೋಹದ ತಳಹದಿಯೇ ಮನೆಯ ವಿದ್ಯುತ್ತಿಗೆ ನೇರವಾಗಿ ಸೇರಿರುತ್ತದೆ, ಉಳಿದವುಗಳಲ್ಲಿಯೂ ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟು ಉಳಿದಿರುತ್ತದೆ. ಬಲ್ಲವರು ಪಕ್ಕದಲ್ಲಿಲ್ಲದೆ ಅದರ ಹಿಂಬದಿಯನ್ನು ಬಿಚ್ಚತಕ್ಕದ್ದಲ್ಲ.

ಒಂದೇ ಬಗೆಯ ಎರಡು ಹಳೆಯ ಡ್ರೈವರುಗಳು ಸಿಗುವುದು ಅದೃಷ್ಟ. ಸಿಕ್ಕರೂ ಅವುಗಳ ಅನುರಣನಗಳಲ್ಲಿ ಐದಾರು ಹರ್ಟ್ಸಿನ ಅಂತರವಿರುವುದು ಸಹಜ, ಅದಕ್ಕಾಗಿ ಚಿಂತಿಸಬೇಕಾಗಿಲ್ಲ. ಅಂತರ ಅದಕ್ಕಿಂತ ಬಹಳ ಹೆಚ್ಚಾಗಿದ್ದರೆ ಜೋಡಿ ಮಾಡುವುದನ್ನು ಬಿಟ್ಟು ಒಂದನ್ನೇ ಒಳ್ಳೆಯ ಹಲಗೆಯಲ್ಲಿ ಕೂರಿಸಿ ಕೇಳುವುದು ಮೇಲು; ಹಳೆಯ ಧ್ವನಿಮುದ್ರಣಗಳು ಹೇಗೂ ಒಂದೇ ಸ್ಪೀಕರಿಗಾಗಿ ಮಾಡಿದವು. ಎರಡನ್ನು ಜೋಡಿಸುವಾಗ ಮೊದಲೇ ಇಟ್ಟ ಕೆಂಪು ಚುಕ್ಕೆಗಳೆರಡೂ ಆಂಪ್ಲಿಫೈಯರಿನ ಧನಾಗ್ರಗಳಿಗೆ ಹೋಗಬೇಕು, ಇಲ್ಲದಿದ್ದರೆ ಮಂದ್ರವೆಲ್ಲ ಅಡಗಿ ಹಾಡುವವರು ಕೋಣೆಯಲ್ಲಿ ಎಲ್ಲಿದ್ದಾರೆಂಬುದೇ ತಿಳಿಯದು. ಕೆಲಸವೆಲ್ಲ ಮುಗಿದ ಮೇಲೆ, ಕಾಯಿಲಿನ ರೋಧ, ಅನುರಣನ, ಕ್ಯೂ, ಬಳಸಿದ ಅಂಟು, ಬದಲಾಯಿಸಿದ ಭಾಗ, ತಾರೀಖು ಇಷ್ಟನ್ನೂ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೆ ಅಥವಾ ಹಲಗೆಯ ಬೆನ್ನಿಗೆ ಅಂಟಿಸಿಡಿ. ಮುಂದೆ ಅದನ್ನು ಬಿಚ್ಚುವವರು, ಅದು ನೀವೇ ಆಗಿದ್ದರೂ, ಎಲ್ಲವನ್ನೂ ಮೊದಲಿನಿಂದ ಅಳೆಯಬೇಕಾಗುವುದಿಲ್ಲ.